ನೀಲಾಂಬಿಕೆಯ ಪುಟಗಳು

ತೊಳೆದ ಪಾತ್ರೆಗಳನ್ನೇ ರೇವಮ್ಮ ಮತ್ತೆ ತೊಳೆಯುತ್ತಿದ್ದಳು. ಇದು ಎರಡನೆಯ ಸಲವೋ ಮೂರನೆಯದೋ ಅವಳಿಗೇ ತಿಳಿಯಲಿಲ್ಲ. ಕೈ ಬೂದಿಯಲ್ಲಿತ್ತು, ಕಿವಿ ಬೀದಿಯಲ್ಲಿತ್ತು. ಚನ್ನರಾಯಪಟ್ಟಣದಿಂದ ಬರುವ ಇದ್ದಿಲು ಗ್ಯಾಸಿನ ಬಸ್ಸು ಹನ್ನೊಂದಕ್ಕೆ ಬಂದರೆ ಬಂತು, ಇಲ್ಲದಿದ್ದರೆ ಒಂದಕ್ಕೆ. ಯುದ್ಧ ಶುರುವಾಗಿ ಪೆಟ್ರೋಲು ನಿಂತ ಮೇಲೆ ಅದಕ್ಕೆ ಹೊತ್ತುಗೊತ್ತು ಇರಲಿಲ್ಲ. ದಾರಿಯಲ್ಲಿ ಎಲ್ಲಾದರೂ ಕೆಟ್ಟು ನಿಂತುಬಿಡಲಿ ಎಂದುಕೊಂಡಳು. ಅಂದುಕೊಂಡ ಕೂಡಲೇ, ತಂಗಿ ರಸ್ತೆಯ ಪಕ್ಕದ ಹುಣಿಸೆ ಮರದಡಿ ಸೆರಗು ಹೊದ್ದು ನಿಂತಿರುವುದು ಕಣ್ಣಿಗೆ ಕಟ್ಟಿತು. ಅಲ್ಲಿಯೂ ನೀಲಾಂಬಿಕೆ ಚೆಂದವಾಗಿಯೇ ಕಂಡಳು. ಕೆಟ್ಟು ನಿಂತ ಬಸ್ಸಿನ ಪಕ್ಕದಲ್ಲಿ ಧೂಳು ತಿನ್ನುತ್ತ ನಿಂತಾಗಲೂ ಅವಳು ಯಾರೋ ಅಂಟಿಸಿದ ಚಿತ್ರದ ಹಾಗೆ ಇರಬೇಕೇ ಎಂದು ರೇವಮ್ಮ ಕೈಯಲ್ಲಿದ್ದ ತಂಬಿಗೆಯನ್ನು ನೆಲಕ್ಕೆ ಕುಕ್ಕಿದಳು.

"ಏನವ್ವಾ ಅದು ಸದ್ದು?" ಪಡಸಾಲೆಯಿಂದ ರುದ್ರಯ್ಯ ಕೇಳಿದ.

"ಏನಿಲ್ಲ ಅಪ್ಪಯ್ಯ. ತಂಬಿಗೆ ಜಾರ್ತು."

"ಅಟ್ಟದಿಂದ ಪೆಟ್ಟಿಗೆ ಇಳಿಸ್ದ್ಯಾ?"

"ಇಳಿಸ್ತೀನಿ."

ಈ ಪ್ರಶ್ನೆಯನ್ನು ಅವನು ನಾಲ್ಕು ದಿನದಿಂದ ಕೇಳುತ್ತಿದ್ದ. ನಾಲ್ಕು ದಿನದ ಹಿಂದೆ ಬಂದ ತಂಗಿಯ ಕಾರ್ಡನ್ನು ರೇವಮ್ಮನೇ ಅವನಿಗೆ ಓದಿ ಹೇಳಿದ್ದಳು. ಹಾಸನದಲ್ಲಿ ಹೆಂಗಸರ ಕೈಕೆಲಸದ ಪ್ರದರ್ಶನ ಏರ್ಪಾಡಾಗಿದೆ. ನಮ್ಮ ಯಜಮಾನರು ನನ್ನ ಚಿತ್ರದ ಪುಸ್ತಕವನ್ನು ಇಡಲೇಬೇಕೆಂದು ಹಟ ಹಿಡಿದಿದ್ದಾರೆ. ಶನಿವಾರ ಬಂದು ತೆಗೆದುಕೊಂಡು ಮೂರು ಗಂಟೆಯ ಬಸ್ಸಿಗೆ ಹಾಸನಕ್ಕೆ ಹೋಗುತ್ತೇನೆ. ಆ ಸಾಲುಗಳನ್ನು ಬಿಟ್ಟು ಓದಬಹುದಿತ್ತು. ಕುರುಡನ ಮುಂದೆ ಏನು ಓದಿದರೂ ನಡೆಯುತ್ತದೆ. ಆದರೆ ಮನಸ್ಸು ಎಚ್ಚರಗೊಳ್ಳುವ ಮೊದಲೇ ಬಾಯಿ ಓದಿ ಮುಗಿಸಿತ್ತು. ಅಪ್ಪನ ಮುಖ ಅರಳಿದ್ದನ್ನು ಕಂಡು, ಈ ಅರಳುವಿಕೆ ತನ್ನಿಂದ ಒಂದು ದಿನವೂ ಆಗಲಿಲ್ಲವಲ್ಲ ಎಂದು ಕಾರ್ಡನ್ನು ಮಡಿಸಿದ್ದಳು, ಮಡಿಸಿದ್ದನ್ನು ಮತ್ತೆ ಮಡಿಸಿದ್ದಳು. ಇವತ್ತು ಅವನು ಬೆಳಕು ಹರಿಯುವ ಮೊದಲೇ ಸ್ನಾನ ಮುಗಿಸಿ, ಲಿಂಗಪೂಜೆ ಮಾಡಿ, ಹಣೆ ತುಂಬ ವಿಭೂತಿ ಧರಿಸಿ, ಮಡಿಸಿಟ್ಟ ಪಂಚೆ ಉಟ್ಟು ಕೂತಿದ್ದ. ಎರಡನೆಯ ಮಗಳನ್ನು ನೋಡಲು ಅಣಿಯಾದವನ ಹಾಗೆ. ನೋಡುವುದು ಎಲ್ಲಿಂದ ಬಂತು. ಅವನ ಕಣ್ಣಿಗೆ ಪೂರ್ತಿ ಕತ್ತಲೆ ಕವಿದು ನಾಲ್ಕು ವರ್ಷವಾಗಿತ್ತು.

ಹೊಳೆನರಸೀಪುರದಲ್ಲಿ ಪುಸ್ತಕ ಕಟ್ಟುವವನೆಂದರೆ ರುದ್ರಯ್ಯ. ಅಂಗಡಿಯವರ ಖಾತೆ ಪುಸ್ತಕ, ಕಚೇರಿಯ ರಿಜಿಸ್ಟರು, ಮಠದ ಹಳೆಯ ಪುರಾಣ, ಎಲ್ಲವೂ ಅವನ ಪಡಸಾಲೆಗೆ ಬಿಡಿಹಾಳೆಯಾಗಿ ಬಂದು ಗಟ್ಟಿ ಬೆನ್ನಿನ ಪುಸ್ತಕವಾಗಿ ಹೋಗುತ್ತಿತ್ತು. ಗಂಡು ಮಕ್ಕಳಿಲ್ಲದ ಮನೆಯಲ್ಲಿ ಹೊಲಿಗೆಯನ್ನೂ ಅಂಟು ಕಾಸುವುದನ್ನೂ ಕಲಿತವಳು ರೇವಮ್ಮ. ಹನ್ನೆರಡು ವರ್ಷಕ್ಕೇ ಅವಳ ಹೊಲಿಗೆ ಅಪ್ಪನದಕ್ಕಿಂತ ಬಿಗಿಯಾಗಿತ್ತು. ಆದರೆ ಬಿಗಿಯಾದ ಹೊಲಿಗೆಯನ್ನು ಯಾರು ನೋಡುತ್ತಾರೆ? ಪುಸ್ತಕ ಕಿತ್ತುಹೋದ ದಿನ ಮಾತ್ರ ಹೊಲಿದವರ ನೆನಪು ಜನಕ್ಕೆ ಬರುತ್ತದೆ. ಅವಳ ಪಕ್ಕದಲ್ಲಿ ಕೂತು, ಕತ್ತರಿಸಿ ಉಳಿದ ಹಾಳೆಗಳನ್ನು ಎಳೆದುಕೊಂಡು ತಂಗಿ ಆಡುತ್ತಿದ್ದಳು. ಬಟ್ಟೆ ಅಂಗಡಿಯ ಥಾನುಗಳ ಮೇಲಿನ ಬಣ್ಣದ ಚೀಟಿ, ಬೆಂಕಿಪೆಟ್ಟಿಗೆಯ ಹುಲಿ, ಚಹಾ ಪೊಟ್ಟಣದೊಳಗಿನ ಬೆಳ್ಳಿ ಕಾಗದ, ಸೋಪಿನ ಹೊದಿಕೆ, ಲಗ್ನಪತ್ರಿಕೆಯ ಚಿನ್ನದ ಅಕ್ಷರ, ಒಣಗಿದ ಎಲೆ, ಸೀರೆಯ ಅಂಚಿನ ಚೂರು. ಅವನ್ನು ಅವಳು ಹಾಳೆಯ ಮೇಲೆ ಹೀಗೆ ಹಾಗೆ ಸರಿಸಿ ಒಂದು ಗಳಿಗೆ ಸುಮ್ಮನೆ ನೋಡುವಳು. ಆಮೇಲೆ ಬೆರಳಿನಿಂದ ಒಂದನ್ನು ಎಳ್ಳಷ್ಟು ಪಕ್ಕಕ್ಕೆ ತಳ್ಳುವಳು. ಅಷ್ಟೆ. ಆ ಎಳ್ಳಷ್ಟು ತಳ್ಳಿದ್ದರಲ್ಲಿ ಏನೋ ಆಗಿಬಿಡುತ್ತಿತ್ತು. ಚೂರುಗಳು ಹೋಗಿ ನವಿಲು ಬರುತ್ತಿತ್ತು. ರೇವಮ್ಮ ಒಮ್ಮೆ ಯಾರೂ ಇಲ್ಲದಾಗ ಅದೇ ಚೂರುಗಳನ್ನು ಇಟ್ಟುಕೊಂಡು, ಅದೇ ರೀತಿ ಸರಿಸಿ, ಅದೇ ರೀತಿ ಒಂದು ಗಳಿಗೆ ನೋಡಿ, ಎಳ್ಳಷ್ಟು ತಳ್ಳಿದ್ದಳು. ಚೂರುಗಳು ಚೂರುಗಳಾಗಿಯೇ ಉಳಿದವು. ಆಗ ಅವಳಿಗೆ ಹದಿನೈದು. ಆ ಮಧ್ಯಾಹ್ನದ ಅವಮಾನವನ್ನು ಯಾರೂ ನೋಡಿರಲಿಲ್ಲ. ನೋಡಿದ್ದರೆ ಮರೆತುಬಿಡುತ್ತಿದ್ದಳೋ ಏನೋ.

ಪುಸ್ತಕ ಕಟ್ಟಿಸಲು ಬಂದವರಿಗೆಲ್ಲ ಅಪ್ಪ ಆ ಪುಟಗಳನ್ನು ತೋರಿಸುತ್ತಿದ್ದ. "ನಮ್ಮ ಚಿಕ್ಕೋಳು ಮಾಡಿದ್ದು ಸಾ, ನೋಡಿ." ಸ್ಕೂಲಿನ ಮೇಷ್ಟರೊಬ್ಬರು ನವಿಲಿನ ಪುಟವನ್ನು ಬೆಳಕಿಗೆ ಹಿಡಿದು, "ಏನಯ್ಯಾ ರುದ್ರಯ್ಯ, ಈ ಮಗು ಕೈಯಲ್ಲಿ ಸರಸ್ವತಿ ಇದ್ದಾಳೆ" ಎಂದಿದ್ದರು. ಆ ನವಿಲಿನ ಗರಿಯೊಂದೂ ಸುಕ್ಕಾಗದಂತೆ ಅಂಟು ಹಚ್ಚಿ, ಹಲಗೆಯಡಿ ಒತ್ತಿಟ್ಟವಳು ಅಲ್ಲೇ ಬಾಗಿಲ ಬಳಿ ನೀರಿನ ಲೋಟ ಹಿಡಿದು ನಿಂತಿದ್ದಳು. ಮೇಷ್ಟರು ನೀರು ಕುಡಿದು ಲೋಟವನ್ನು ಅವಳ ಕಡೆ ನೋಡದೆಯೇ ಚಾಚಿದರು.

ಆಮೇಲೆ ಅರಕಲಗೂಡಿನಲ್ಲಿ ರೇವಮ್ಮನ ಮದುವೆ. ಎರಡು ವರ್ಷದ ಬಾಳುವೆ. ಅಪ್ಪನ ಕಣ್ಣು ಮಂಜಾಗುತ್ತಿದೆಯೆಂದು ಎಂಟು ದಿನಕ್ಕೆ ಬಂದವಳನ್ನು ಕರೆದೊಯ್ಯಲು ಅರಕಲಗೂಡಿನಿಂದ ಯಾರೂ ಬರಲಿಲ್ಲ. ಅವಳೂ ಯಾಕೆಂದು ಕೇಳಲಿಲ್ಲ. ಅಲ್ಲಿ ಬೇರೊಬ್ಬಳು ಒಲೆ ಹಚ್ಚುತ್ತಿರುವ ಸುದ್ದಿಯನ್ನು ಬೀದಿಯ ಪುಟ್ಟತಾಯಮ್ಮ ಉಪ್ಪು ಕೇಳುವ ನೆಪದಲ್ಲಿ ಬಂದು ಹೇಳಿಹೋಗಿದ್ದಳು. ಮರುವರ್ಷವೇ ನೀಲಾಂಬಿಕೆಗೆ ಚನ್ನರಾಯಪಟ್ಟಣದ ಷಡಕ್ಷರಿಯ ಸಂಬಂಧ ಕೂಡಿಬಂತು. ಬಟ್ಟೆ ವ್ಯಾಪಾರದ ಮನೆ. ಆ ಮದುವೆಯ ಮೂರು ದಿನವೂ ರೇವಮ್ಮ ಉಗ್ರಾಣದಲ್ಲಿದ್ದಳು. ಅಲ್ಲಿಗೆ ಬಂದವರೆಲ್ಲ ಸಕ್ಕರೆ ಕೇಳಿದರು, ತುಪ್ಪ ಕೇಳಿದರು, ಒಬ್ಬರಾದರೂ ಅವಳನ್ನು ಊಟ ಆಯಿತೇ ಎಂದು ಕೇಳಲಿಲ್ಲ.

ಮದುವೆ ಕಳೆದ ವಾರಕ್ಕೆ ಅಪ್ಪ ಪುಟಗಳ ಕಟ್ಟನ್ನು ಅವಳ ಮುಂದಿಟ್ಟ. ನಲವತ್ತೆರಡು ಪುಟ. "ನನ್ ಕಣ್ಗೆ ಸೂಜಿ ಕಾಣಲ್ಲ ಕಣವ್ವ. ನೀನೇ ಕಟ್ಟು. ಎದ್ದಿರೋ ಚೂರೆಲ್ಲ ತಿರ್ಗಾ ಅಂಟ್ಸಿ, ಒಂದೊಂದ್ ಆಳೆಗೂ ಇಂದೆ ಗಟ್ಟಿ ಕಾಗ್ದ ಕೊಟ್ಟು ಕಟ್ಬೇಕು. ನೂರು ವರ್ಷ ಇರ್ಬೇಕು." ರೇವಮ್ಮ ಹಿಟ್ಟು ಕಲಸಿ ಒಲೆಯ ಮೇಲಿಟ್ಟಳು. ಹಿಟ್ಟಿನ ಅಂಟೆಂದರೆ ಹುಳಕ್ಕೆ ಹಬ್ಬದೂಟ. ಅದಕ್ಕೇ ಕುದಿಯುವಾಗ ಮೈಲುತುತ್ತದ ನೀಲಿ ಹರಳನ್ನು ಪುಡಿ ಮಾಡಿ ಹಾಕುವುದು. ಆ ವಿಷವಿದ್ದರೆ ಹುಳ ಹತ್ತಿರ ಸುಳಿಯುವುದಿಲ್ಲ. ಅಪ್ಪ ಕಲಿಸಿದ ಮೊದಲ ಪಾಠವೇ ಅದು. ಕರಟದಲ್ಲಿದ್ದ ಹರಳನ್ನು ಅವಳು ಎತ್ತಿಕೊಂಡಳು. ಕಲ್ಲಿನ ಮೇಲಿಟ್ಟಳು. ಆಮೇಲೆ ಅದನ್ನು ಎತ್ತಿ ಮತ್ತೆ ಕರಟಕ್ಕೆ ಹಾಕಿಬಿಟ್ಟಳು. ಇಷ್ಟೇ ನಡೆದದ್ದು. ಅಂಟು ಎಂದಿನಷ್ಟೇ ಹದವಾಗಿ ಬಂತು. ಆರು ದಿನ ಕೂತು ಅವಳು ತನ್ನ ಬಾಳಿನಲ್ಲೇ ಅತ್ಯಂತ ಚೆಂದದ ಪುಸ್ತಕ ಕಟ್ಟಿದಳು. ಮೂವತ್ತೊಂದನೆಯದು ಅವ್ವನ ಪುಟ. ಸತ್ತುಹೋದ ಅವ್ವನ ಧಾರೆ ಸೀರೆಯ ಅಂಚು, ಅವಳು ತಲೆಗೆ ಮುಡಿದು ಒಣಗಿದ ಮರುಗದ ಎಸಳು. ಆ ಪುಟಕ್ಕೆ ಬಂದಾಗ ಮಾತ್ರ ಬೇರೆ ಅಂಟು ಕಾಸಬೇಕೇ ಎಂದು ಒಂದು ಗಳಿಗೆ ತಡೆದಳು. ಮಾಡಿದ ಅಂಟು ದಂಡವಾಗುತ್ತದೆ ಎಂದುಕೊಂಡು ಅದನ್ನೇ ಹಚ್ಚಿದಳು.

ಮೊದಲೆರಡು ವರ್ಷ ಮಳೆಗಾಲ ಮುಗಿದ ಮೇಲೆ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದು ಹಿತ್ತಲ ಬಿಸಿಲಿಗೆ ಇಟ್ಟಿದ್ದಳು. ಮೂರನೆಯ ವರ್ಷ ತೆಗೆಯಲು ಹೋದಾಗ ತಗಡಿನ ತಳದಲ್ಲಿ, ರಟ್ಟಿನ ಸುತ್ತ, ಜರಡಿ ಹಿಡಿದ ಹಿಟ್ಟಿನಂಥ ನುಣ್ಣನೆಯ ಪುಡಿ. ಮೀನಿನಾಕಾರದ ಬೆಳ್ಳನೆಯ ಹುಳವೊಂದು ಮಿರುಗಿ ಮರೆಯಾಯಿತು. ಆಗಲೂ ಹೊತ್ತು ಮೀರಿರಲಿಲ್ಲ. ಬಿಡಿಸಿ, ಕೊಡವಿ, ಬೇವಿನೆಲೆ ಇಟ್ಟು, ಹೊಸದಾಗಿ ಅಂಟು ಹಾಕಿದ್ದರೆ ಮುಕ್ಕಾಲು ಪಾಲು ಉಳಿಯುತ್ತಿತ್ತು. ಅವಳು ಮುಚ್ಚಳ ಹಾಕಿದಳು. ಅಂದಿನಿಂದ ಇಂದಿನವರೆಗೆ ಆ ಪೆಟ್ಟಿಗೆ ತೆರೆದಿರಲಿಲ್ಲ. ಅಟ್ಟದ ಮೇಲೆ ಅದು ಇರುವ ಜಾಗದ ಕೆಳಗೆ ನಡೆಯುವಾಗ ತಲೆ ತಾನಾಗಿ ತಗ್ಗುತ್ತಿತ್ತು. ಅಡಿಗೆ ಮಾಡುವಾಗ, ಹೊಲಿಯುವಾಗ, ಮೇಲೆ ಕರಕರ ಸದ್ದು ಕೇಳಿದಂತಾಗುವುದು. ಅಷ್ಟು ಸಣ್ಣ ಬಾಯಿಗೆ ಸದ್ದಿಲ್ಲವೆಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದರೂ ಕೇಳುತ್ತಿತ್ತು.

ಮಧ್ಯಾಹ್ನ ಹನ್ನೆರಡೂವರೆಗೆ ನೀಲಾಂಬಿಕೆ ಬಂದಳು. ಜೊತೆಯಲ್ಲಿ ಬಂದ ಅಂಗಡಿಯ ಗುಮಾಸ್ತ ಬಾಗಿಲಲ್ಲೇ ಕೈಮುಗಿದು, ಮೂರಕ್ಕೆ ಬರುತ್ತೇನೆಂದು ಪೇಟೆಯ ಕಡೆ ಹೋದ. ಅವಳ ಸೀರೆಯ ಮೇಲೆ ಇದ್ದಿಲ ಕರಿ ಹಾರಿತ್ತು. ಒಂಬತ್ತು ಗಜದ ಮೈಸೂರು ನೇಯ್ಗೆಯ ಮೇಲೆ ಆ ಕರಿ ಚುಕ್ಕೆಗಳೂ ಯಾರೋ ಬೇಕೆಂದೇ ಇಟ್ಟ ಹಾಗಿದ್ದವು. "ಅಕ್ಕ, ಎಷ್ಟು ಸೊರಗಿದೀಯೆ!" ಎಂದು ಅವಳು ಕೈ ಹಿಡಿದಳು. ಹಿಡಿದ ಕೈ ಮೆತ್ತಗಿತ್ತು. ಆಮೇಲೆ ಅಪ್ಪನ ಕಾಲು ಮುಟ್ಟಿ, ಪಕ್ಕದಲ್ಲಿ ಕೂತು, ಚಿಕ್ಕಂದಿನಂತೆ ಅವನ ತೋಳಿಗೆ ತಲೆ ಒರಗಿಸಿದಳು. ಎಂಟು ವರ್ಷದಲ್ಲಿ ಮೂರು ಸಲ ಬಂದವಳು ಬಂದ ಕೂಡಲೇ ತೋಳಿಗೆ ಒರಗಬಹುದು. ದಿನವೂ ಅದೇ ತೋಳು ಹಿಡಿದು ಬಚ್ಚಲಿಗೆ ಕರೆದೊಯ್ಯುವವಳು ಒರಗುವುದು ಯಾವಾಗ? ರೇವಮ್ಮ ಒಳಗೆ ಹೋಗಿ ಎಲೆ ಹಾಕಿದಳು. ತಂಗಿಗೆ ಇಷ್ಟವೆಂದು ಮಾಡಿದ್ದ ಶಾವಿಗೆ ಪಾಯಸವನ್ನು ಬಡಿಸುವಾಗ ಲೋಟ ತುಂಬದಂತೆ ಕೈ ಹಿಂದೆಗೆಯಿತು, ನಾಚಿಕೆಯಾಗಿ ಮತ್ತೊಂದು ಸೌಟು ಹಾಕಿದಳು, ಅದು ತುಳುಕಿತು.

ಊಟವಾದ ಮೇಲೆ ತಪ್ಪಿಸುವ ದಾರಿಯಿರಲಿಲ್ಲ. ಅಟ್ಟದಿಂದ ಪೆಟ್ಟಿಗೆ ಇಳಿಯಿತು. ನೀಲಾಂಬಿಕೆ ಮೊದಲು ನಗುನಗುತ್ತ ಮುಚ್ಚಳ ಎತ್ತಿದಳು. ಪುಸ್ತಕ ಇದ್ದ ಹಾಗೆಯೇ ಕಾಣಿಸಿತು, ಕ್ಯಾಲಿಕೋ ಬಟ್ಟೆಯ ಹೊದಿಕೆಯ ಬೆನ್ನು ಈಗಲೂ ನೆಟ್ಟಗಿತ್ತು. ಎತ್ತಿದಾಗ ಅದು ಹಗುರವಾಗಿ, ಒಣಬೆರಣಿಯ ಹಾಗೆ ಮೇಲೆ ಬಂತು. ರಟ್ಟು ತೆರೆದಳು. ಪುಡಿ ಅವಳ ಮಡಿಲಿಗೆ ಸುರಿಯಿತು. ಹುಲಿಗೆ ತಲೆಯಿರಲಿಲ್ಲ. ನವಿಲಿನ ಜಾಗದಲ್ಲಿ ಜರಡಿಯಂಥ ತೂತುಗಳು, ತೂತಿನಾಚೆ ಮುಂದಿನ ಪುಟದ ತೂತುಗಳು. ಕೆಲವು ಹಾಳೆಗಳು ಬೆರಳು ತಾಗಿದರೆ ಉದುರುತ್ತಿದ್ದವು. ರೇವಮ್ಮ ತಂಗಿಯ ಮುಖವನ್ನೇ ನೋಡುತ್ತ ನಿಂತಳು. ಎಂಟು ವರ್ಷ ತಾನು ಕಾದದ್ದು ಈ ಗಳಿಗೆಗೇ ಎಂದು ಅವಳಿಗೆ ಆಗ ತಿಳಿಯಿತು. ಆ ಮುಖ ಒಡೆಯುವುದನ್ನು ನೋಡಬೇಕಿತ್ತು. ಆದರೆ ನೀಲಾಂಬಿಕೆ ಹುಬ್ಬೇರಿಸಿ, "ಅಯ್ಯೋ ಶಿವನೇ" ಎಂದು ಮೆಲ್ಲಗೆ ಅಂದು, ಮಡಿಲಿನ ಪುಡಿಯನ್ನು ಕೊಡವಿಕೊಂಡಳು. "ಹೋಗ್ಲಿ ಬಿಡಕ್ಕ. ಹುಡುಗುತನದಲ್ಲಿ ಮಾಡಿದ್ದು. ನಂಗೆ ಮರ್ತೇ ಹೋಗಿತ್ತು, ಇವರು ಹಟ ಮಾಡಿದ್ರಿಂದ ಬಂದೆ. ಇದ್ರಲ್ಲಿ ಏನೇನಿತ್ತು ಅನ್ನೋದೂ ಈಗ ನೆನಪಿಲ್ಲ."

ನೆನಪಿಲ್ಲ! ಯಾವುದಕ್ಕಾಗಿ ತಾನು ಎಂಟು ವರ್ಷ ಬೆಂದಳೋ ಅದು ಇವಳಿಗೆ ನೆನಪಿಲ್ಲ. ರೇವಮ್ಮನಿಗೆ ನಲವತ್ತೆರಡೂ ಪುಟ ನೆನಪಿದ್ದವು. ಯಾವ ಮೂಲೆಯಲ್ಲಿ ಯಾವ ಚೀಟಿ, ಯಾವ ಎಲೆಯ ತೊಟ್ಟು ಯಾವ ಕಡೆಗೆ ವಾಲಿತ್ತು, ಎಲ್ಲ. ನೆನಪಿಟ್ಟುಕೊಳ್ಳದೆ ಅವಳಿಗೆ ಬೇರೆ ಗತಿಯೂ ಇರಲಿಲ್ಲ. ಕಣ್ಣು ಪೂರ್ತಿ ಹೋದ ವರ್ಷ ಅಪ್ಪ, ಕಾರ್ತಿಕದ ಒಂದು ಬೆಳಿಗ್ಗೆ, "ಪುಸ್ತಕ ಬಿಸಿಲ್ಗೆ ಇಡ್ತೀಯಲ್ಲ, ಅಂಗೇ ಒಂದೊಂದ್ ಪುಟ ತಿರುವ್ತಾ ಏನೈತೆ ಏಳು, ಕೇಳ್ತೀನಿ" ಎಂದಿದ್ದ. ಅವಳು ಮುಚ್ಚಿದ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು, ಹಳೆಯ ರಿಜಿಸ್ಟರಿನ ಹಾಳೆಗಳನ್ನು ಸರಸರ ತಿರುವಿ ಸದ್ದು ಮಾಡುತ್ತ, ಒಂದರಿಂದ ನಲವತ್ತೆರಡರವರೆಗೆ ಒಪ್ಪಿಸಿದ್ದಳು. ಅಪ್ಪ ಗೋಡೆಗೆ ಒರಗಿ, ಹಸಿದವನು ಊಟದ ವಾಸನೆ ಹಿಡಿಯುವಂತೆ ಮುಖವೆತ್ತಿ ಕೇಳಿದ್ದ. ಹಾಗೆ ನಾಲ್ಕು ಕಾರ್ತಿಕ. ಮೊದಲನೆಯ ಸಲವೇ, ಇಪ್ಪತ್ತನೆಯ ಪುಟ ಮುಗಿದಾಗ, ಏನೆಂದು ತಿಳಿಯುವ ಮೊದಲೇ, "ಇದು ಹೊಳೆ ಪುಟ" ಎಂದು ಬಾಯಿಗೆ ಬಂದಿತ್ತು. ಅಂಥ ಪುಟ ಇರಲಿಲ್ಲ. "ಇದ ನಾನ್ ನೋಡಿರ್ನಿಲ್ವಲ್ಲವ್ವ" ಎಂದ ಅಪ್ಪ. "ಮದುವೆ ಹಿಂದಿನ ದಿನ ಮಾಡಿದ್ದು ಅಪ್ಪಯ್ಯ. ನೀನು ಗಡಿಬಿಡೀಲಿದ್ದೆ." ಹೇಮಾವತಿಯ ಹೊಳೆ. ಸಕ್ಕರೆ ಪೊಟ್ಟಣದ ನೀಲಿ ಕಾಗದವನ್ನು ಕತ್ತರಿಸದೆ ಕೈಯಲ್ಲಿ ಹರಿದು ಅಂಟಿಸಿದ್ದು. ಹರಿದ ಅಂಚಿನ ಬಿಳಿ ನಾರೇ ನೊರೆ. ಹುಣಿಸೆ ಬೀಜದ ಅರ್ಧ ಹೋಳಿನ ಹರಿಗೋಲು. ಆಚೆ ದಡದಲ್ಲಿ ಸೀರೆಯ ಚೂರುಗಳ ಒಗೆಯುವ ಹೆಂಗಸರು. ಈಚೆ ದಡದಲ್ಲಿ ಬೂದು ಬಣ್ಣದ ಕ್ಯಾಲಿಕೋ ತುಂಡಿನಲ್ಲಿ ಒಬ್ಬಳೇ ನಿಂತ ಹೆಂಗಸು, ಬೆನ್ನು ನಮ್ಮ ಕಡೆಗೆ, ಮುಖವಿಲ್ಲ. ವರ್ಷದಿಂದ ವರ್ಷಕ್ಕೆ ಆ ಪುಟ ಬೆಳೆಯಿತು. ಅಪ್ಪ ಅದನ್ನೇ ಎರಡು ಸಲ ಹೇಳಿಸುತ್ತಿದ್ದ.

"ಏನು ಸುಮ್ಮಗಾದ್ರಿ ಇಬ್ರೂವೆ?" ರುದ್ರಯ್ಯ ಈಗ ಕೈ ಚಾಚಿದ. "ತತ್ತಾ ಇಲ್ಲಿ."

ನೀಲಾಂಬಿಕೆ ಅಕ್ಕನ ಕಡೆ ನೋಡಿದಳು. ರೇವಮ್ಮ ನೋಡಲಿಲ್ಲ. "ಅಪ್ಪಯ್ಯ, ಸ್ವಲ್ಪ ಹುಳ ಹಿಡಿದದೆ ಕಣಪ್ಪ" ಎಂದು ನೀಲಾಂಬಿಕೆ ಪುಸ್ತಕವನ್ನು ಅವನ ತೊಡೆಯ ಮೇಲಿಟ್ಟಳು. ನಲವತ್ತು ವರ್ಷ ಕಾಗದ ಮುಟ್ಟಿದ ಬೆರಳುಗಳು ಹಾಳೆಯ ಮೇಲೆ ಒಂದು ಸಲ ಹರಿದು ನಿಂತುಬಿಟ್ಟವು. ಸ್ವಲ್ಪವೋ ಎಷ್ಟೋ ಅವಕ್ಕೆ ತಿಳಿಯಿತು. ಅವನು ಪುಡಿಯನ್ನು ಬೆರಳ ನಡುವೆ ಉಜ್ಜಿದ. ಆಮೇಲೆ, ಕೆಟ್ಟ ಸುದ್ದಿಯ ನಡುವೆ ಒಂದು ಒಳ್ಳೆಯದನ್ನು ಹುಡುಕುವವನಂತೆ, "ಒಳೆ ಪುಟ? ಅದು ಐತಾ ನೋಡು ನೀಲಾ. ಇಪ್ಪತ್ತೊಂದ್ನೇದು" ಎಂದ.

"ಹೊಳೆ ಪುಟ?"

"ಏಮಾವತಿ ಒಳೆ ಕಣವ್ವ, ನೀಲಿ ಕಾಗ್ದದ್ದು. ನಿಮ್ಮಕ್ಕ ಓದಿ ಏಳ್ತಾಳೆ ವರ್ಷಾ ವರ್ಷಾ. ನಿನ್ನ ಪುಟದಾಗೆಲ್ಲ ಅಂಥದ್ದು ಇನ್ನೊಂದಿಲ್ಲ. ನಿನ್ನ ಕೇಳ್ಬೇಕು ಅಂತ ನಾಕು ವರ್ಷದಿಂದ ಕಾದಿವ್ನಿ. ಆ ಈಚೆ ದಡದಲ್ಲಿ ಬೆನ್ನು ಮಾಡ್ಕಂಡು ಒಬ್ಳೇ ನಿಂತವ್ಳಲ್ಲ, ಅವಳು ಯಾರು?"

ನೀಲಾಂಬಿಕೆ ಇಪ್ಪತ್ತನೆಯ ಪುಟದ ಚಿಂದಿಯನ್ನೂ ಅದರ ಮುಂದಿನ ಚಿಂದಿಯನ್ನೂ ನೋಡಿದಳು. ತಲೆಯೆತ್ತಿ ಅಕ್ಕನನ್ನು ನೋಡಿದಳು. ಈ ಸಲ ರೇವಮ್ಮನ ಕಣ್ಣಿಗೆ ತಪ್ಪಿಸಿಕೊಳ್ಳಲು ಆಗಲಿಲ್ಲ. ತಂಗಿಗೆ ಅಷ್ಟರಲ್ಲೇ ಎಲ್ಲ ಗೊತ್ತಾಯಿತು. ಎಲ್ಲವೂ ಅಲ್ಲದಿದ್ದರೂ ಸಾಕಷ್ಟು. ಅವಳ ಮುಖದಲ್ಲಿ ಕನಿಕರ ಮೂಡಿತು. ಅಕ್ಕನನ್ನು ಕಾಪಾಡುವವಳಂತೆ ಅವಳು ಅಪ್ಪನ ಕೈಮೇಲೆ ಕೈಯಿಟ್ಟು, "ಆ ಪುಟಾನೂ ಹುಳ ತಿಂದುಬಿಟ್ಟಿದೆ ಅಪ್ಪಯ್ಯ" ಎಂದಳು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಅಪ್ಪನ ಮುಖ ಇನ್ನೂ ಕಾಯುತ್ತಿತ್ತು. ಕಾಯುವ ಮುಖಕ್ಕೆ ಏನಾದರೂ ಕೊಡದೆ ಇರುವುದು ಅವಳಿಗೆ ಚಿಕ್ಕಂದಿನಿಂದಲೂ ಬಾರದು. "ಅವಳು... ಅವಳು ಅವ್ವ ಅಪ್ಪಯ್ಯ. ಅವ್ವ ಅಂತ್ಲೇ ಮಾಡಿದ್ದೆ."

"ಅದೇ ಅಂದ್ಕಂಡೆ" ಎಂದ ರುದ್ರಯ್ಯ. ಬೆಳಕಿಲ್ಲದ ಕಣ್ಣು ತುಂಬಿ ಬಂತು. ಕೈ ತಡಕುತ್ತ ನೀಲಾಂಬಿಕೆಯ ತಲೆಯನ್ನು ಹುಡುಕಿತು, ಸಿಕ್ಕಿತು, ಸವರಿತು.

ಆ ಕೈ ಸವರುವುದನ್ನು ರೇವಮ್ಮ ನೋಡಿದಳು. ಇಡೀ ಬಾಳಿನಲ್ಲಿ ಅವಳ ಚೂರುಗಳು ಚೂರುಗಳಾಗಿ ಉಳಿಯದೆ ಒಂದಾಗಿದ್ದು ಆ ಹೊಳೆ ಪುಟದಲ್ಲಿ, ಅದೊಂದೇ ಸಲ. ಅದನ್ನೂ ಅವಳೇ ತನ್ನ ಬಾಯಿಂದ ತಂಗಿಯ ಹೆಸರಿಗೆ ಬರೆದಿದ್ದಳು, ನಿಜ. ಆದರೂ ತಂಗಿ ಅದನ್ನು ಅಷ್ಟು ಸಲೀಸಾಗಿ, ಯಾರೋ ಚಾಚಿದ ತಾಂಬೂಲ ತೆಗೆದುಕೊಂಡಂತೆ, ತೆಗೆದುಕೊಂಡುಬಿಟ್ಟಳು. ಬೆನ್ನು ತಿರುಗಿಸಿ ನಿಂತವಳಿಗೆ ಕೊನೆಗೂ ಒಂದು ಮುಖ ಸಿಕ್ಕಿತ್ತು, ಅದು ಬೇರೆಯವರದು.

"ಅಲ್ಲ" ಎಂದಳು ರೇವಮ್ಮ. ಸ್ವರ ತನ್ನದಲ್ಲವೇನೋ ಎನ್ನುವಷ್ಟು ಗಟ್ಟಿಯಾಗಿತ್ತು. "ಅವ್ವ ಅಲ್ಲ. ಅದು ನಾನು."

"ಅಕ್ಕ, ಬೇಡ" ಎಂದಳು ನೀಲಾಂಬಿಕೆ.

"ನೀನು ಸುಮ್ಕಿರು. ಅಪ್ಪಯ್ಯ, ಅಂಥ ಪುಟಾನೇ ಇಲ್ಲ. ಇವಳು ಮಾಡ್ಲಿಲ್ಲ. ನಾನೇ ಕಟ್ಕೊಂಡು ಹೇಳ್ದೆ. ಪುಸ್ತಕ ತೆಗೆದು ಆರು ವರ್ಷ ಆಯ್ತು. ತೆಗೆದ್ರೆ ಏನಿರ್ತದೆ ಅಂತ ನಂಗೆ ಗೊತ್ತಿತ್ತು." ಇಲ್ಲಿ ನಿಲ್ಲಿಸಬಹುದಿತ್ತು. ಆದರೆ ಬಾಗಿಲು ತೆರೆದ ಮೇಲೆ ಒಳಗಿದ್ದದ್ದೆಲ್ಲ ಒಂದನ್ನೊಂದು ತಳ್ಳಿಕೊಂಡು ಬಂತು. "ಅಂಟಿಗೆ ಮೈಲುತುತ್ತ ಹಾಕ್ಲಿಲ್ಲ ನಾನು. ಮರೀಲಿಲ್ಲ. ಕೈಯಾಗೆ ಹಿಡ್ಕೊಂಡಿದ್ದೆ. ಬೇಕು ಅಂತ್ಲೇ ಹಾಕ್ಲಿಲ್ಲ."

ರುದ್ರಯ್ಯನ ಕೈ ನೀಲಾಂಬಿಕೆಯ ತಲೆಯಿಂದ ಜಾರಿ ಪುಸ್ತಕದ ಮೇಲೆ ಬಿತ್ತು. ಅವನು ಒಂದು ಚಿಂದಿಯನ್ನು ಎತ್ತಿ ಮೂಸಿದ, ಬೆರಳನ್ನು ನಾಲಿಗೆಗೆ ಮುಟ್ಟಿಸಿದ. ಕೆಲಸಗಾರನ ಅಭ್ಯಾಸ. ಆಮೇಲೆ ಕೇಳಿದ:

"ನಿಮ್ಮವ್ವನ ಪುಟಕ್ಕೂ ಆಕ್ಲಿಲ್ವೇನವ್ವ?"

ಹೊಡೆದಿದ್ದರೆ ಆಗುತ್ತಿತ್ತು. "ಇಲ್ಲ ಅಪ್ಪಯ್ಯ."

"ಊಂ" ಎಂದ ಅವನು. ಪುಟಗಳನ್ನು ಒಂದೊಂದಾಗಿ ತಡವುತ್ತ ಮೂವತ್ತೊಂದರವರೆಗೆ ಬಂದ. ಎಣಿಸುತ್ತಿದ್ದನೆಂದು ತುಟಿಯಿಂದ ತಿಳಿಯುತ್ತಿತ್ತು. ಅಲ್ಲಿ ಸೀರೆಯ ಅಂಚಿನ ಜರಿ ಮಾತ್ರ ಉಳಿದಿತ್ತು, ಹುಳಕ್ಕೆ ರುಚಿಸದ ತಂತಿ. ಅದನ್ನು ಬೆರಳಿಗೆ ಸುತ್ತಿಕೊಂಡ. ರೇವಮ್ಮ ಕಂಬ ಹಿಡಿದು ನಿಂತಿದ್ದಳು. ಮನೆ ಬಿಟ್ಟು ಹೋಗು ಎನ್ನುತ್ತಾನೆ, ಎಲ್ಲಿಗೆ, ಅರಕಲಗೂಡಿಗೆ? ಈ ತಂಗಿಯ ಮನೆಗೆ, ಉಗ್ರಾಣ ನೋಡಿಕೊಳ್ಳಲು? ಹಾಗೆ ಯೋಚಿಸುತ್ತಿರುವಾಗಲೇ, ನಡುವೆ ಎಲ್ಲೋ, ಆರು ವರ್ಷದಲ್ಲಿ ಮೊದಲ ಸಲ ಅಟ್ಟದ ಮೇಲೆ ಸದ್ದಿಲ್ಲವೆಂದು ಅವಳಿಗೆ ಅನ್ನಿಸಿತು.

"ಒಳೆ ಪುಟ ನೀನ್ ಮಾಡಿದ್ದಾ ಅಂಗಾರೆ?" ಎಂದ ರುದ್ರಯ್ಯ.

"ಮಾಡ್ಲಿಲ್ಲ ಅಪ್ಪಯ್ಯ. ಬರೀ ಹೇಳ್ದೆ."

"ಬರೀ ಏಳಿದ್ದು." ಅವನು ಆ ಮಾತನ್ನು ಕೈಯಲ್ಲಿ ತೂಗಿ ನೋಡುವವನಂತೆ ತಲೆಯಾಡಿಸಿದ. ಸಿಟ್ಟು ಹೋಗಿರಲಿಲ್ಲ; ಅದು ಹಣೆಯ ಮೇಲೆ, ವಿಭೂತಿಯ ಗೆರೆಗಳ ನಡುವೆ ಇತ್ತು, ಇನ್ನೂ ಬಹಳ ದಿನ ಇರುವ ಹಾಗಿತ್ತು. "ನಾನ್ ಸಾಯೋ ಗಂಟ ನೀನ್ ಮಾಡಿದ್ದ ಮರೆಯಾಕಿಲ್ಲ ಕಣೆ ರೇವಾ. ಅದ ತಿಳ್ಕ." ಆಮೇಲೆ ಗೋಡೆಗೆ ಒರಗಿ ಮುಖವೆತ್ತಿದ. "ಈಗ ಏಳು. ಮೊದ್ಲಿಂದ ಏಳು, ಒಳೆ ಪುಟ. ಇದ್ರಾಗೆ ಉಳ ಬೀಳದೆ ಉಳ್ದಿರೋದು ಅದೊಂದೇಯ."

ರೇವಮ್ಮ ಶುರುಮಾಡಿದಳು. ಸಕ್ಕರೆ ಪೊಟ್ಟಣದ ನೀಲಿ, ಕತ್ತರಿಯಲ್ಲ, ಕೈಯಲ್ಲಿ ಹರಿದದ್ದು. ನೊರೆ. ಹರಿಗೋಲು. ಹೇಳುತ್ತ ಹೇಳುತ್ತ ನೀಲಾಂಬಿಕೆಯ ಕಡೆ ನೋಡಿದಳು. ತಂಗಿ ನೆಟ್ಟಗೆ ಕೂತಿದ್ದಳು. ಅಪ್ಪನ ತೋಳಿನಿಂದ ಯಾವಾಗಲೋ ಸರಿದು ದೂರವಾಗಿದ್ದಳು. ಉಗುರಿನಿಂದ ಸೀರೆಯ ಮೇಲಿನ ಒಂದು ಕರಿ ಚುಕ್ಕೆಯನ್ನು ಕೆರೆಯುತ್ತಿದ್ದಳು, ಅದು ಹೋಗದಿದ್ದರೂ. ತುಟಿ ಬಿಗಿದಿತ್ತು, ಕಣ್ಣು ಅಪ್ಪನ ಮೇಲೆತ್ತಿದ ಮುಖದ ಮೇಲೆ ನೆಟ್ಟಿತ್ತು. ಆ ಮುಖಭಾವ ರೇವಮ್ಮನಿಗೆ ಹೊಸದಲ್ಲ. ಅದನ್ನು ಒಳಗಿನಿಂದ ಅವಳು ಇಪ್ಪತ್ತು ವರ್ಷ ಕಂಡಿದ್ದಳು; ಹೊರಗಿನಿಂದ ಹೀಗಿರುತ್ತದೆಂದು ಗೊತ್ತಿರಲಿಲ್ಲ. ಗೆದ್ದೆನೆಂದು ಅನ್ನಿಸಬೇಕಿತ್ತು. ಬದಲಿಗೆ, ಬಿಗಿದ ತುಟಿಯ ತಂಗಿ ಎಂದಿನಷ್ಟು ಚೆಂದವಾಗಿಲ್ಲವೆಂದು ಕಂಡು ಅವಳ ಮಾತು ಅರ್ಧಕ್ಕೇ ನಿಂತಿತು.

"ಯಾಕ್ ನಿಲ್ಸಿದೆ?" ಎಂದ ಅಪ್ಪ.

"ಇಲ್ಲ... ಈಚೆ ದಡದ ಮರಳು ಅಪ್ಪಯ್ಯ. ಅದು ಸರಿಯಾಗಿ ಕೂತಿರ್ಲಿಲ್ಲ ನಂಗೆ." ಪ್ರತಿ ವರ್ಷವೂ ಅಲ್ಲಿ ಅವಳು ಎಡವುತ್ತಿದ್ದಳು, ಹಳದಿ ಕಾಗದ ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದಳು. ತಂಗಿಯ ಕಡೆ ತಿರುಗಿ, ತಾನು ಕೇಳುತ್ತಿರುವುದನ್ನು ತಾನೇ ನಂಬದೆ, "ನೀಲಾ, ಮರಳಿಗೆ ಏನು ಹಾಕೋದೆ?" ಎಂದಳು.

ನೀಲಾಂಬಿಕೆ ಬಾಗಿಲಾಚೆಯ ಬಿಸಿಲು ನೋಡುತ್ತ, ಬಸ್ಸಿಗೆ ಹೊತ್ತಾಯಿತೆಂದು ಏಳುವವಳಂತೆ ಸೆರಗು ಸರಿಪಡಿಸಿಕೊಂಡಳು. ಏಳಲಿಲ್ಲ. ಅವಳ ಬೆರಳು ಖಾಲಿ ನೆಲದ ಮೇಲೆ ಏನನ್ನೋ ಎಳ್ಳಷ್ಟು ಪಕ್ಕಕ್ಕೆ ತಳ್ಳಿತು.

"ರವೆ" ಎಂದಳು ಕೊನೆಗೆ, ಒಲ್ಲದ ಮನಸ್ಸಿನಿಂದ. "ಹುರಿದ ರವೆ. ನೀರಿನ ಅಂಚಿಗೆ ಬರ್ತಾ ಬರ್ತಾ ಸ್ವಲ್ಪ ಕಪ್ಪಗೆ ಹುರಿದದ್ದು. ಒದ್ದೆ ಮರಳು ಹಂಗೇ ತಾನೇ ಇರೋದು."

ಒದ್ದೆ ಮರಳು ಹಾಗೇ ಇರುವುದು. ದಡ ತಟ್ಟನೆ ರೇವಮ್ಮನ ಕಣ್ಣ ಮುಂದೆ ಬಂದು ನಿಂತಿತು, ಕಾಲಿಟ್ಟರೆ ತಣ್ಣಗೆ ಹತ್ತುವಷ್ಟು ಹತ್ತಿರ. ನಾಲ್ಕು ವರ್ಷ ದಿನವೂ ಆ ಮರಳನ್ನು ಯೋಚಿಸಿದ್ದಳು. ದಿನವೂ ಉಪ್ಪಿಟ್ಟಿಗೆ ರವೆ ಹುರಿದಿದ್ದಳು. ಅವಳಿಗೆ ಅದು ಹೊಳೆದಿರಲಿಲ್ಲ. ಹಳೆಯ ಉರಿ ಎಂದಿನ ಜಾಗದಲ್ಲಿ, ಎದೆಗೂಡಿನ ಸ್ವಲ್ಪ ಕೆಳಗೆ, ಚುರ್ರೆಂದಿತು.

"ಊಂ, ಏಳು, ಏಳು" ಎಂದ ಅಪ್ಪ. ರೇವಮ್ಮ ತಂಗಿಯ ಮುಖದಿಂದ ಕಣ್ಣು ಕೀಳದೆ, "ಹುರಿದ ರವೆ ಅಪ್ಪಯ್ಯ" ಎಂದು ಹೇಳತೊಡಗಿದಳು, "ಅಂಚಿಗೆ ಬರ್ತಾ ಬರ್ತಾ ಕಪ್ಪಗೆ."